ನಾಳೆಯ ಸುದ್ದಿ

ಆ ಬೀದಿಯಲ್ಲಿ ಕೂದಲು ಕತ್ತರಿಸುವವನನ್ನು ಎಲ್ಲರೂ ವಾರ್ತೆಯಣ್ಣ ಎಂದೇ ಕರೆಯುತ್ತಿದ್ದರು. ಅಂಗಡಿಗೆ ಬೋರ್ಡಿತ್ತು, ಬೋರ್ಡಿನಲ್ಲಿ ಬೇರೆ ಹೆಸರೂ ಇತ್ತು. ಅದನ್ನು ಓದುವ ಕಷ್ಟ ಮಾತ್ರ ಯಾರೂ ತೆಗೆದುಕೊಂಡಿರಲಿಲ್ಲ. ಎರಡು ಕುರ್ಚಿ, ಒಂದು ಉದ್ದನೆಯ ಬೆಂಚು, ಗೋಡೆಯಗಲ ಕನ್ನಡಿ, ಇವುಗಳ ನಡುವೆ ಅವನ ಬಾಯಿ. ಕತ್ತರಿ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಯಾರ ಮನೆ ಮಾರಾಟಕ್ಕಿದೆ, ಯಾರಿಗೆ ವರ್ಗವಾಗಿದೆ, ಯಾರ ಮಗಳು ಯಾರನ್ನು ಮೆಚ್ಚಿದ್ದಾಳೆ ಎಂಬುದೆಲ್ಲ ಅಲ್ಲಿ ಮೊದಲು ಗೊತ್ತಾಗುತ್ತಿತ್ತು, ಕೆಲವೊಮ್ಮೆ ಸಂಬಂಧಪಟ್ಟವರಿಗಿಂತಲೂ ಮೊದಲು. ಅಂಚೆ ಕಚೇರಿಯ ಗುಮಾಸ್ತನಿಗೆ ತನಗೆ ಬಡ್ತಿ ಸಿಕ್ಕಿರುವುದು ತಿಳಿದದ್ದು ಇದೇ ಕುರ್ಚಿಯಲ್ಲಿ, ಮುಖಕ್ಕೆ ನೊರೆ ಹಚ್ಚಿಸಿಕೊಂಡು ಕೂತಿದ್ದಾಗ. ಆದೇಶ ಕೈಸೇರಿದ್ದು ಮರುದಿನ. ಆ ಒಂದು ಸಾಧನೆಯನ್ನು ವಾರ್ತೆಯಣ್ಣ ವರ್ಷಗಟ್ಟಲೆ ಹೇಳಿಕೊಂಡು ಮೆರೆದ. "ನಾಳೆ ಸುದ್ದಿ ಇವತ್ತೇ ಬೇಕಾ? ಬನ್ನಿ, ಕೂತ್ಕೊಳ್ಳಿ" ಎಂದು ಗಿರಾಕಿಗಳನ್ನು ಕರೆಯುತ್ತಿದ್ದ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎನ್ನುತ್ತಾರಲ್ಲ, ಅವನ ಅಂಗಡಿಯೂ ಹಾಗೆಯೇ ನಡೆಯುತ್ತಿತ್ತು.

ಇಂಥವನ ಹೆಂಡತಿ ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಸಿರಾದಳು. ಅವಳು ತನ್ನ ತಾಯಿಗೆ ಹೇಳುವ ಮೊದಲೇ ಬೆಂಚಿನ ಮೇಲೆ ಕೂತವರಿಗೆಲ್ಲ ಗೊತ್ತಾಗಿತ್ತು. ಅವನ ಅತ್ತೆಗೆ ವಿಷಯ ತಿಳಿದದ್ದು ತರಕಾರಿ ಮಾರುವವಳಿಂದ. ಆಕೆ ಅದನ್ನು ಇವತ್ತಿಗೂ ಕ್ಷಮಿಸಿಲ್ಲ.

ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಡಾಕ್ಟರಮ್ಮ ಪರದೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು.

"ಎದೆಗೂ ಹೊಟ್ಟೆಗೂ ನಡುವೆ ಒಂದು ತೆಳು ಮಾಂಸದ ಗೋಡೆ ಇರುತ್ತೆ, ವಪೆ ಅಂತಾರೆ. ನಿಮ್ಮ ಮಗೂಗೆ ಅದರ ಎಡಗಡೆ ತೂತು ಉಳ್ಕೊಂಡಿದೆ. ಕರುಳು, ಜಠರ ಎಲ್ಲ ಅಲ್ಲಿಂದ ಮೇಲೆ ಹತ್ತಿ ಎದೆಯೊಳಗೆ ಕೂತಿವೆ. ಶ್ವಾಸಕೋಶಕ್ಕೆ ಬೆಳೆಯೋಕೆ ಜಾಗ ಸಿಗ್ತಿಲ್ಲ."

"ಹುಟ್ಟಿದ ಮೇಲೆ ಹೊಲಿಯೋಕೆ ಆಗಲ್ವಾ ಡಾಕ್ಟ್ರೇ?"

"ಹೊಲಿಯೋದು ದೊಡ್ಡ ವಿಷಯ ಅಲ್ಲ. ಶ್ವಾಸಕೋಶ ಎಷ್ಟು ಬೆಳೆದಿರುತ್ತೆ ಅನ್ನೋದು ನಮ್ಮ ಕೈಲಿಲ್ಲ. ಇಂಥ ಮಕ್ಕಳು ಈಗ ಎಷ್ಟೋ ಬದುಕ್ತವೆ. ಎಷ್ಟೋ ಬದುಕಲ್ಲ. ನಿಮ್ಮದು ಯಾವ ಕಡೆ ಅಂತ ಈಗಲೇ ಹೇಳಿದ್ರೆ ಸುಳ್ಳು ಹೇಳಿದ ಹಾಗಾಗುತ್ತೆ."

ಹೆಂಡತಿ ಕೇಳಿದ್ದು ಒಂದೇ ಮಾತು. "ನಾನೇನಾದ್ರೂ ತಪ್ಪು ಮಾಡಿದ್ನಾ?"

"ಇಲ್ಲಮ್ಮ. ಇದು ಯಾರ ತಪ್ಪೂ ಅಲ್ಲ."

ಬೇರೆ ಯಾರಾದರೂ ಆಗಿದ್ದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದರು. ವಾರ್ತೆಯಣ್ಣ ಮರುದಿನವೇ ಕ್ಷೌರದ ನೊರೆಯಲ್ಲಿ ಬೆರಳದ್ದಿ ಕನ್ನಡಿಯ ಮೇಲೆ ಮಗುವಿನ ಚಿತ್ರ ಬರೆದು, ಇಲ್ಲಿ ತೂತು, ಇಲ್ಲಿ ಕರುಳು, ಇದು ಯಾರ ತಪ್ಪೂ ಅಲ್ಲವಂತೆ ಎಂದು ಎಲ್ಲರಿಗೂ ವಿವರಿಸಿದ. ಹೇಳಿದರೆ ಭಾರ ಇಳಿಯುತ್ತದೆ ಎಂದುಕೊಂಡಿದ್ದ. ಇಳಿಯಿತೋ ಇಲ್ಲವೋ, ಸಲಹೆಗಳಂತೂ ರಾಶಿ ಬಿದ್ದವು. ಹೆಂಡತಿ ಎಡಮಗ್ಗುಲಲ್ಲಿ ಮಲಗಬಾರದು ಎಂದು ಒಬ್ಬ, ಬಲಮಗ್ಗುಲಲ್ಲಿ ಮಲಗಬಾರದು ಎಂದು ಇನ್ನೊಬ್ಬ. ಸಲಹೆ ಕೊಡದೆ ಸುಮ್ಮನೆ ಪ್ರಶ್ನೆ ಕೇಳಿದವರೆಂದರೆ ನಿವೃತ್ತ ಗಣಿತದ ಮೇಷ್ಟ್ರು ಒಬ್ಬರೇ. ಹುಟ್ಟಿದಾಗ ಅಂಥ ಮಗುವಿನ ಬಣ್ಣ ಹೇಗಿರುತ್ತದೆ? ಹೊಟ್ಟೆ ಹೇಗಿರುತ್ತದೆ? ವಾರ್ತೆಯಣ್ಣ ಡಾಕ್ಟರಮ್ಮನನ್ನು ಕೇಳಿಕೊಂಡು ಬಂದು ಹೇಳಿದ: ಮೈ ನೀಲಿಗಟ್ಟುತ್ತದಂತೆ, ಹೊಟ್ಟೆ ಖಾಲಿ ದೋಣಿಯ ಹಾಗೆ ಒಳಗೆ ಹೋಗಿರುತ್ತದಂತೆ. ಮೇಷ್ಟ್ರು ತಲೆದೂಗಿ, ಎದ್ದು ಮನೆಗೆ ಹೋದರು.

ಹುಟ್ಟಿದ್ದು ಹೆಣ್ಣು. ಅದು ಅಳುವುದಕ್ಕೂ ಬಿಡದೆ ಗಂಟಲಿಗೆ ನಳಿಕೆ ಇಳಿಸಿ ಯಂತ್ರಕ್ಕೆ ಕಟ್ಟಿದರು. ಅಳಲು ಬಿಟ್ಟರೆ ಗಾಳಿ ಕರುಳಿಗೆ ಹೋಗಿ ಎದೆಯೊಳಗೆ ಇನ್ನಷ್ಟು ಉಬ್ಬುತ್ತದಂತೆ. ಶ್ವಾಸಕೋಶ ಒಂದು ಹದಕ್ಕೆ ಬರುವ ತನಕ ಆಪರೇಷನ್ ಇಲ್ಲ ಎಂದರು. ಹೆಂಡತಿ, ಅವಳ ತಾಯಿ ಇಬ್ಬರೂ ಆಸ್ಪತ್ರೆಯ ತಾಯಂದಿರ ಕೋಣೆಯಲ್ಲೇ ಉಳಿದರು. ವಾರ್ತೆಯಣ್ಣ ಬೆಳಿಗ್ಗೆ ಸಂಜೆ ಹೋಗಿ ಗಾಜಿನಾಚೆ ನಿಂತು ಬರುತ್ತಿದ್ದ, ನಡುವೆ ಅಂಗಡಿ ತೆರೆಯುತ್ತಿದ್ದ. ಕೆಲಸವಿಲ್ಲದೆ ಕೂರಲು ಅವನಿಂದ ಆಗುತ್ತಿರಲಿಲ್ಲ.

ಅಂಗಡಿಯಲ್ಲಿ ಬಂದವರೆಲ್ಲ ಕೇಳುತ್ತಿದ್ದರು. ಇವತ್ತು ಹೇಗಿದೆ? ಆಪರೇಷನ್ ಯಾವಾಗಂತೆ? ನೂರಕ್ಕೆ ಎಷ್ಟು ಗ್ಯಾರಂಟಿ ಕೊಟ್ಟಿದಾರೆ? ಕೂದಲು ಕತ್ತರಿಸುವಾಗ ಕೇಳಿದವರೇ ಸ್ನಾನ ಮಾಡಿ ಮತ್ತೆ ಬಂದು ಕೇಳಿಹೋಗುತ್ತಿದ್ದರು. ಯಾರನ್ನು ಬೈಯುವುದು? ಅವರಿಗೆ ಈ ಚಟ ಹತ್ತಿಸಿದವನು ಅವನೇ. ತಾನು ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದ. ಒಂದೇ ಮಾತನ್ನು ಅಷ್ಟು ಬಾಯಿಗಳಿಗೆ ಹೇಳಿ ಹೇಳಿ, ಮಗುವೇ ಮಾತಾಗಿ ಸವೆದುಹೋಗುತ್ತಿದೆ ಎನಿಸುತ್ತಿತ್ತು ಅವನಿಗೆ.

ಒಂದು ಬೆಳಿಗ್ಗೆ ಗಾಜಿನ ಬಾಗಿಲ ಬಳಿ ಚಿಕ್ಕ ವಯಸ್ಸಿನ ಡಾಕ್ಟರು ಅವನನ್ನು ತಡೆದು ನಿಲ್ಲಿಸಿದರು. "ರಾತ್ರಿ ಚೆನ್ನಾಗಿರ್ಲಿಲ್ಲ. ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರಿದೆ. ಔಷಧಿ ಬದಲಾಯಿಸಿದೀವಿ. ಆದ್ರೂ ನೀವು ಮನಸ್ಸು ಗಟ್ಟಿ ಮಾಡ್ಕೊಂಡಿರಿ." ಹೆಂಡತಿ ಇನ್ನೂ ಮಲಗಿದ್ದಳು. ಅವಳನ್ನು ಎಬ್ಬಿಸುವ ಧೈರ್ಯ ಸಾಲದೆ ಅವನು ಹಾಗೇ ಹೊರಟುಬಂದ.

ಆ ದಿನದ ಮೊದಲ ಗಿರಾಕಿ ಮೇಷ್ಟ್ರು. ಅವನು ನೊರೆ ಹಚ್ಚಿ, ಕತ್ತಿ ಮಸೆದು, ಅವರ ಗಲ್ಲಕ್ಕೆ ಬೆರಳು ಇಟ್ಟ.

"ಮಗು ಹೇಗಿದೆಯಪ್ಪಾ?" ಎಂದು ಮೇಷ್ಟ್ರು ಕೇಳಿದರು.

ಅವನು ಕನ್ನಡಿಯಲ್ಲಿದ್ದ ಮೇಷ್ಟ್ರ ಮುಖಕ್ಕೆ ಹೇಳಿದ. "ಹೋಯ್ತು ಮೇಷ್ಟ್ರೇ. ಉಳೀಲಿಲ್ಲ."

ಏಕೆ ಹೇಳಿದ? ಸಂಜೆಯೊಳಗೆ ಆಗಿಯೇ ಆಗುತ್ತದೆ, ನಾಳೆ ಹೇಳಬೇಕಾದದ್ದನ್ನು ಇವತ್ತೇ ಹೇಳಿಬಿಟ್ಟರೆ ಒಂದು ದಿನದ ಪ್ರಶ್ನೆಗಳಾದರೂ ತಪ್ಪುತ್ತವೆ ಎಂದುಕೊಂಡ. ಸುದ್ದಿ ಆಗುವುದಕ್ಕೆ ಮೊದಲೇ ಹೇಳಿ ಜೀವಮಾನವೆಲ್ಲ ಶಹಬ್ಬಾಸ್ ಅನ್ನಿಸಿಕೊಂಡ ನಾಲಿಗೆ ಅದು. ತನ್ನ ಮಗುವಿನ ವಿಷಯದಲ್ಲೂ ಅದು ಸುಮ್ಮನಿರಲಿಲ್ಲ.

ಮೇಷ್ಟ್ರು ಕತ್ತಿ ಹಿಡಿದಿದ್ದ ಅವನ ಕೈಯನ್ನು ಹಾಗೇ ಹಿಡಿದುಕೊಂಡರು. ಕನ್ನಡಿಯಲ್ಲಿ ನೊರೆಯ ಮೇಲೆ ಕಣ್ಣೀರು ಇಳಿಯುವುದು ಕಾಣಿಸಿತು. ಲೆಕ್ಕ ತಪ್ಪಿದ ಮಕ್ಕಳ ಕಿವಿ ಹಿಂಡುತ್ತಿದ್ದ ಮನುಷ್ಯ, ಆ ಮುಖದಲ್ಲಿ ನೀರು ಯಾರೂ ನೋಡಿರಲಿಲ್ಲ.

"ನಮಗೂ ಒಂದು ಹುಟ್ಟಿತ್ತಪ್ಪಾ" ಎಂದರು ಅವರು. "ಗಂಡು. ಎಷ್ಟೋ ವರ್ಷ ಆಯ್ತು. ಮೈಯೆಲ್ಲ ನೀಲಿ. ಹೊಟ್ಟೆ ನೀನು ಹೇಳಿದ ಹಾಗೇ, ಖಾಲಿ ದೋಣಿ. ಮಧ್ಯಾಹ್ನದ ಹೊತ್ತಿಗೆ ಮುಗೀತು. ಯಾಕೆ ಅಂತ ಯಾರೂ ಹೇಳ್ಲಿಲ್ಲ. ನಮ್ಮಮ್ಮ ನನ್ನ ಹೆಂಡ್ತಿ ತಲೆಗೆ ಕಟ್ಟಿದ್ಲು. ಭಾರ ಎತ್ತಿದಳು, ಓಡಾಡಿದಳು, ಅದಕ್ಕೇ ಹೀಗಾಯ್ತು ಅಂತ. ನಾನು ಬಾಯಿ ಬಿಡಲಿಲ್ಲ. ನೀನು ಈ ಕನ್ನಡಿ ಮೇಲೆ ಚಿತ್ರ ಬರೆದು, ಡಾಕ್ಟರಮ್ಮನ್ನ ಕೇಳ್ಕೊಂಡು ಬಂದು ಹೇಳಿದ ಮೇಲೆ ಗೊತ್ತಾಯ್ತು ನನಗೆ, ಅದಕ್ಕೂ ಒಂದು ಕಾರಣ ಇದೆ, ಅದು ಯಾರ ತಪ್ಪೂ ಅಲ್ಲ ಅಂತ. ಮನೆಗೆ ಹೋಗಿ ಅವಳಿಗೆ ಹೇಳ್ದೆ. ಆವತ್ತಿಂದ ನಾವಿಬ್ರೂ ನಿನ್ನ ಮಗು ಬದುಕಲಿ ಅಂತ ಕಾಯ್ತಾ ಇದ್ವಿ."

ಆಗಲೇ ಹೇಳಿಬಿಡಬಹುದಿತ್ತು. ಇಲ್ಲ ಮೇಷ್ಟ್ರೇ, ಇನ್ನೂ ಇದೆ, ನನ್ನ ಬಾಯಿ ತಪ್ಪಿತು ಎನ್ನಬಹುದಿತ್ತು. ಅತ್ತ ಮುದುಕನ ಎದುರು ನಾನು ಸುಳ್ಳಾಡಿದೆ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ. ತಲೆ ತಗ್ಗಿಸಿ ಗಡ್ಡ ಕೆರೆದ. ಮೇಷ್ಟ್ರು ಮುಖ ಒರೆಸಿಕೊಂಡು ಬೀದಿಗಿಳಿದರು. ಅಂಗಡಿ ಅಂಗಡಿಗೂ ಹೋಗಿ, "ಮಗು ಹೋಯ್ತಂತೆ. ಅವನನ್ನ ಯಾರೂ ಏನೂ ಕೇಳಬೇಡಿ, ಆಸ್ಪತ್ರೆಗೂ ಹೋಗಬೇಡಿ, ಆ ಹೆಣ್ಣುಮಗಳು ಸುಧಾರಿಸಿಕೊಳ್ಳಲಿ" ಎಂದು ಹೇಳಿ ಬಂದರು.

ಅಂಗಡಿ ನಿಶ್ಶಬ್ದವಾಯಿತು. ಬಂದವರು ತಲೆ ಕೊಟ್ಟು ಕೂರುತ್ತಿದ್ದರು, ಎದ್ದು ಹೋಗುವಾಗ ಭುಜ ಮುಟ್ಟುತ್ತಿದ್ದರು. ನಾಚಿಕೆಗೇಡಿನ ಮಾತೆಂದರೆ, ಅವನಿಗೆ ಹಾಯೆನಿಸಿತು. ಮಗು ಹುಟ್ಟಿದ ಮೇಲೆ ಮೊದಲ ಸಲ ಆ ಮಧ್ಯಾಹ್ನ ಬೆಂಚಿನ ಮೇಲೆ ಒರಗಿ ಗಾಢವಾಗಿ ನಿದ್ದೆ ಮಾಡಿದ.

ಮಗು ಮಾತ್ರ ಸಂಜೆಯೂ ಇತ್ತು, ಮರುದಿನವೂ ಇತ್ತು. ಹೊಸ ಔಷಧಿ ಹಿಡಿಯಿತು, ಒತ್ತಡ ಇಳಿಯಿತು. ಆಸ್ಪತ್ರೆಯಿಂದ ಒಂದೊಂದು ಒಳ್ಳೆಯ ಮಾತು ಬಂದಾಗಲೂ ಅವನಿಗೆ ಅಂಗಡಿಯಲ್ಲಿ ಆಡಿದ ಮಾತು ನೆನಪಾಗುತ್ತಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವತ್ತು ಹೇಳುತ್ತೇನೆ ಎಂದುಕೊಂಡು ಅಂಗಡಿಯ ಬಾಗಿಲು ತೆರೆಯುವನು. ಮೇಷ್ಟ್ರು ದಿನಾ ಬಂದು ಬೆಂಚಿನ ಮೂಲೆಯಲ್ಲಿ ಪತ್ರಿಕೆ ಹಿಡಿದು, ಯಾರಾದರೂ ಬಾಯಿ ತೆಗೆದರೆ ಕನ್ನಡಕದ ಮೇಲಿಂದ ಗದರಿಸಿ ನೋಡುತ್ತ, ಅವನಿಗೆ ಕಾವಲು ಕೂತಿರುವರು. ಅವರನ್ನು ಕಂಡೊಡನೆ ಅವನ ಧೈರ್ಯ ಉಡುಗಿಹೋಗುವುದು.

ಆಪರೇಷನ್ ದಿನ ಅವನು, ಹೆಂಡತಿ, ಅತ್ತೆ ಮೂವರೂ ಹೊರಗೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಹೆಂಡತಿ ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದಿದ್ದಳು. ಆಗ ಅವನ ತಲೆಯಲ್ಲಿ ಒಂದು ಯೋಚನೆ ಬಂತು. ಒಳಗೆ ಏನಾದರೂ ಆಗಿಬಿಟ್ಟರೆ, ತಾನು ಹೇಳಿದ್ದು ಸುಳ್ಳಾಗುವುದಿಲ್ಲ. ಬಂದದ್ದು ಕ್ಷಣಮಾತ್ರ, ಹೋದದ್ದೂ ಅಷ್ಟೇ ಬೇಗ. ಆದರೆ ಬಂದದ್ದಂತೂ ನಿಜ, ಬಂದದ್ದು ತನ್ನ ತಲೆಗೇ. ಹೆತ್ತ ಮಗು ಕತ್ತರಿಯ ಕೆಳಗಿರುವಾಗ ತನ್ನ ಮರ್ಯಾದೆ ಉಳಿಯುವ ದಾರಿ ಹುಡುಕಿದ ತಂದೆ. ಅವನು ಹೆಂಡತಿಯ ಹಿಡಿತದಿಂದ ಕೈ ಬಿಡಿಸಿಕೊಂಡ. ಅಂಥ ಕೈಯನ್ನು ಅವಳು ಹಿಡಿದಿರುವುದು ಅವನಿಗೆ ಸಹಿಸಲಾಗಲಿಲ್ಲ.

ಸರ್ಜನ್ ಹೊರಗೆ ಬಂದು ಟೋಪಿ ತೆಗೆದರು. "ಕರುಳೆಲ್ಲ ಕೆಳಗೆ ತಂದು ಕೂರಿಸಿದೀವಿ. ತೂತು ದೊಡ್ಡದಿತ್ತು, ತೇಪೆ ಹಾಕಿ ಹೊಲಿದಿದೀವಿ. ಎಡಗಡೆ ಶ್ವಾಸಕೋಶ ಚಿಕ್ಕದು, ಆದ್ರೆ ಇದೆ. ಬೆಳೆಯುತ್ತೆ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು. ವಾರ್ತೆಯಣ್ಣನಿಗೆ ಸಂತೋಷ ಬಂತು, ಖಂಡಿತ ಬಂತು, ಆದರೆ ಅದಕ್ಕೂ ಮೊದಲು ಮೇಷ್ಟ್ರ ಮುಖ ಬಂತು.

ಕೆಲವು ದಿನಗಳ ಮೇಲೆ ನಳಿಕೆ ತೆಗೆದರು. ಮಗು ಮೊದಲ ಸಲ ಅತ್ತಿತು. ಗಂಟಲು ಕಟ್ಟಿದ, ಎಲ್ಲೋ ಬಾಗಿಲು ಕಿರುಗುಟ್ಟಿದಂಥ ಸದ್ದು. ಹೆಂಡತಿ ಅದನ್ನು ಎದೆಗೆ ಒತ್ತಿಕೊಂಡು ನಕ್ಕಳು. "ಏನ್ರೀ, ಬೀದಿಗೆಲ್ಲ ಹೇಳಿದ್ರಾ? ಒಬ್ರೂ ನೋಡೋಕೆ ಬಂದಿಲ್ವಲ್ಲ. ಮೇಷ್ಟ್ರಾದ್ರೂ ಬರ್ತಾರೆ ಅಂದ್ಕೊಂಡಿದ್ದೆ."

"ಸೋಂಕು ಗೀಂಕು ಆದೀತು ಅಂತ ನಾನೇ ಬೇಡ ಅಂದೆ. ಮನೆಗೆ ಬಂದ ಮೇಲೆ ನೋಡ್ಲಿ."

"ನೀನು? ಬೇಡ ಅಂದೆಯಾ?" ಎಂದಳು ಅತ್ತೆ. "ಸೂರ್ಯ ಯಾವ ಕಡೆ ಹುಟ್ಟಿದ್ದಾನೋ ನೋಡ್ಬೇಕು. ಬಸಿರು ನಿಂತಿದ್ದನ್ನ ಡಂಗುರ ಹೊಡೆದೋನು, ಮಗು ಬದುಕಿದ್ದನ್ನ ಮುಚ್ಚಿಟ್ಕೊಂಡಿದಾನೆ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವನು ಸುಮ್ಮನೆ ಮುಖ ಒರೆಸಿಕೊಂಡ.

ಮನೆಗೆ ಕಳಿಸುವ ದಿನ ಗೊತ್ತಾಯಿತು. ಡಾಕ್ಟರಮ್ಮ ಕೂರಿಸಿಕೊಂಡು ಬಿಡಿಸಿ ಹೇಳಿದರು: ಹಾಲು ಮೂಗಿನ ನಳಿಕೆಯಲ್ಲೇ ಕೊಡಬೇಕು, ಕುಡಿಯುವುದು ನಿಧಾನವಾಗಿ ಕಲಿಯುತ್ತದೆ, ವಾಂತಿ ಜಾಸ್ತಿ, ತೂಕ ಏರುವುದು ಕಡಿಮೆ. ಸಣ್ಣ ನೆಗಡಿಗೂ ಉಸಿರು ಕಟ್ಟಬಹುದು, ಓಡಿಬರಬೇಕು. ತೇಪೆ ಬಿಟ್ಟುಕೊಂಡರೆ ಮತ್ತೆ ಆಪರೇಷನ್. "ಪೂರ್ತಿ ಗೆದ್ದಾಯ್ತು ಅಂತ ನಾನು ಹೇಳಲ್ಲ" ಎಂದರು. "ಆದ್ರೆ ಇಂಥ ಮಕ್ಕಳು ಶಾಲೆಗೆ ಹೋಗೋದನ್ನ ನಾನು ನೋಡಿದೀನಿ." ಹೆಂಡತಿ ಒಂದೊಂದು ಮಾತಿಗೂ ತಲೆಯಾಡಿಸಿದಳು. ಅವನಿಗೆ ಕೇಳಿಸಿದ್ದು ಒಂದೇ. ನಾಳೆ ಮಗು ಅಮ್ಮನ ತೋಳಲ್ಲಿ ಆ ಬೀದಿಗೆ ಬರುತ್ತದೆ, ಮತ್ತು ಅವನು ಆಡಿದ ಮಾತನ್ನು ಆ ಬೀದಿ ಹೆಂಡತಿಗೆ ಹೇಳುತ್ತದೆ.

ಅವನು ಅಂಗಡಿಗೆ ಬಂದು ಬಾಗಿಲು ತೆರೆದ. ಇವತ್ತು ಹೇಳದೆ ಗತಿಯಿರಲಿಲ್ಲ. ಬೆಂಚು ಒರೆಸಿ ಮುಗಿಸುವಷ್ಟರಲ್ಲಿ ಮೇಷ್ಟ್ರು ಬಂದರು. ಒಬ್ಬರೇ ಅಲ್ಲ. ಹಿಂದೆ ಅವರ ಹೆಂಡತಿ, ಎಷ್ಟೋ ವರ್ಷಗಳಿಂದ ಮನೆಯ ಹೊಸ್ತಿಲು ದಾಟದ ಹೆಂಗಸು, ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಇಟ್ಟು ಬಂದರು. ಗಂಡಸರ ಅಂಗಡಿಯ ಬೆಂಚಿನ ಮೇಲೆ ಮುದುರಿಕೊಂಡು ಕೂತರು.

"ನಿನ್ನ ಹೆಂಡ್ತಿ ಯಾವಾಗ ಬರ್ತಾಳಪ್ಪಾ?" ಎಂದು ಕೇಳಿದರು. "ಅವಳನ್ನ ನೋಡ್ಬೇಕು ಅಂತ ಬಂದೆ. ಇದು ನಿನ್ನಿಂದ ಆಗಿದ್ದಲ್ಲಮ್ಮ ಅಂತ ಅವಳಿಗೆ ಯಾರಾದ್ರೂ ಹೇಳ್ಬೇಕು. ನನಗೆ ಆವಾಗ ಯಾರೂ ಹೇಳ್ಲಿಲ್ಲ."

ವಾರ್ತೆಯಣ್ಣ ಒರೆಸುವ ಬಟ್ಟೆ ಕೆಳಗಿಟ್ಟ.

"ಅಮ್ಮಾ, ಮಗು ಇದೆ."

ಅವರಿಗೆ ಅರ್ಥವಾಗಲಿಲ್ಲ.

"ಹೋಗಿಲ್ಲ. ಬದುಕಿದೆ. ಆವತ್ತು ಡಾಕ್ಟ್ರು ಕಷ್ಟ ಅಂದ್ರು. ಅಷ್ಟಕ್ಕೇ ನಾನು ಹೋಯ್ತು ಅಂತ ಹೇಳ್ಬಿಟ್ಟೆ. ಆಮೇಲೆ ತಿದ್ದೋಕೆ ಬಾಯಿ ಬರ್ಲಿಲ್ಲ. ನಾಳೆ ಮನೆಗೆ ಬರುತ್ತೆ."

ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸಿಟ್ಟು ಬರಲು ಅವರಿಗೆ ಸ್ವಲ್ಪ ಸಮಯ ಹಿಡಿಯಿತು. "ನಿನ್ನ ಎದುರು ಅತ್ತೆನಲ್ಲೋ ನಾನು" ಎಂದರು. "ಹೆಂಡ್ತಿ ಎದುರು ಕೂಡ ಅತ್ತಿರ್ಲಿಲ್ಲ. ನಿನ್ನ ಎದುರು ಅತ್ತೆ." ಎದ್ದರು, ಕೋಲು ತೆಗೆದುಕೊಂಡರು, ಹಿಂದಿರುಗಿ ನೋಡದೆ ಬೀದಿಗಿಳಿದು ಹೊರಟುಹೋದರು. ಕಾಲಿಗೆ ಬೀಳಬೇಕೆಂದು ಒಂದು ಹೆಜ್ಜೆ ಮುಂದಿಟ್ಟ ವಾರ್ತೆಯಣ್ಣ ಅಲ್ಲೇ ನಿಂತ. ಕಾಲಿಗೆ ಬೀಳುವ ಯೋಗ್ಯತೆಯೂ ತನಗಿಲ್ಲ ಎನಿಸಿತು.

ಮೇಷ್ಟ್ರ ಹೆಂಡತಿ ಏಳಲಿಲ್ಲ.

"ಉಸಿರಾಡುತ್ತಾ?" ಎಂದು ಕೇಳಿದರು.

"ಆಡುತ್ತಮ್ಮ."

"ಯಂತ್ರ ಇಲ್ಲದೆ?"

"ಯಂತ್ರ ಇಲ್ಲದೆ."

"ಅಳುತ್ತಾ?"

"ಅಳುತ್ತೆ. ಸ್ವಲ್ಪ ಗಂಟಲು ಕಟ್ಟಿದ ಹಾಗೆ."

"ನಮ್ಮದು ಅಳಲೇ ಇಲ್ಲ" ಎಂದು ಅವರು ಬೆಂಚು ಹಿಡಿದು ಮೇಲೆದ್ದರು. "ನನ್ನ ಕರ್ಕೊಂಡು ಹೋಗು. ಈಗಲೇ."

ದಾರಿಯುದ್ದಕ್ಕೂ ಆಟೋದಲ್ಲಿ ಅವರು ಕಂಬಿ ಹಿಡಿದು ರಸ್ತೆಯನ್ನೇ ನೋಡುತ್ತ ಕೂತಿದ್ದರು. ಬೈದಿದ್ದರೆ ಅವನಿಗೆ ಸಲೀಸಾಗುತ್ತಿತ್ತು. ತಾಯಂದಿರ ಕೋಣೆಯಲ್ಲಿ ಹೆಂಡತಿ ಮಂಚದ ಮೇಲೆ ಕೂತು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅತ್ತೆ ಕೆಳಗೆ ಔಷಧಿ ತರಲು ಹೋಗಿದ್ದಳು. ಬಾಗಿಲಲ್ಲಿ ಮೇಷ್ಟ್ರ ಹೆಂಡತಿಯನ್ನು ಕಂಡು ಅವಳ ಮುಖ ಅರಳಿತು.

"ಅಮ್ಮಾ! ನೀವಾ? ನೀವು ಬಂದ್ರಾ? ಬನ್ನಿ, ಕೂತ್ಕೊಳ್ಳಿ. ಇಷ್ಟು ದಿನಕ್ಕೆ ನಮ್ಮ ಬೀದಿಯವರು ಒಬ್ರು ಬಂದ್ರಲ್ಲ!"

ಮುದುಕಿ ಕೈ ತೊಳೆದು ಬಂದು ಮಂಚದ ಅಂಚಿನಲ್ಲಿ ಕೂತರು. ಮಗುವಿನ ಎದೆ ಏರುವುದನ್ನೂ ಇಳಿಯುವುದನ್ನೂ ನೋಡಿದರು. ಹೊಟ್ಟೆಯ ಮೇಲಿನ ಹೊಲಿಗೆಯ ಗೆರೆ ನೋಡಿದರು. ಒಂದು ಬೆರಳನ್ನು ಆ ಚಿಕ್ಕ ಎದೆಯ ಮೇಲೆ ಇಟ್ಟು ಹಾಗೇ ಕೂತರು. ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

"ನಾನು ಇವರ ಮೇಲೆ ರೇಗ್ತಾ ಇದ್ದೆ" ಎಂದಳು ಹೆಂಡತಿ, ನಗುತ್ತಲೇ. "ಊರಿಗೆಲ್ಲ ಸುದ್ದಿ ಹಂಚೋರು, ಮಗಳನ್ನ ನೋಡೋಕೆ ಯಾರನ್ನೂ ಬಿಡ್ಲಿಲ್ಲ. ನಿಮಗೆ ಏನಂತ ಹೇಳಿದ್ರು ಅಮ್ಮ?"

ಮುದುಕಿ ತಲೆಯೆತ್ತಿ ವಾರ್ತೆಯಣ್ಣನನ್ನು ನೋಡಿದರು. ಅದು ಕೋಪದ ನೋಟವಲ್ಲ. ಇದು ನೀನೇ ಹೇಳಬೇಕಾದದ್ದು ಎನ್ನುವ ನೋಟ. ಅವರ ಗಂಡ ಆಡಬೇಕಾದ ಹೊತ್ತಿಗೆ ಒಂದು ಮಾತು ಆಡಿರಲಿಲ್ಲ, ಅದಕ್ಕಾಗಿ ಅವರು ಬಾಳೆಲ್ಲ ಕಾದಿದ್ದರು.

ವಾರ್ತೆಯಣ್ಣ ಮಂಚದ ಕಾಲ ಬಳಿ ನಿಂತ.

"ಆ ದಿನ, ಔಷಧಿ ಬದಲಾಯಿಸಿದ ದಿನ, ನಾನು ಮೇಷ್ಟ್ರಿಗೆ..." ಎಂದು ನಿಲ್ಲಿಸಿದ.

ಹೆಂಡತಿಯ ನಗು ಇನ್ನೂ ಮುಖದಲ್ಲೇ ಇತ್ತು. ಅವಳು ಅವನನ್ನು ನೋಡಿದಳು, ಮುದುಕಿಯನ್ನು ನೋಡಿದಳು, ಆ ಕಣ್ಣೀರನ್ನು ನೋಡಿದಳು. ಬೀದಿಯಿಂದ ಯಾರೂ ಬರದೆ ಉಳಿದದ್ದು ಏಕೆಂದು ಅವಳಿಗೆ ಒಮ್ಮೆಲೇ ಹೊಳೆಯಿತು. ಇಷ್ಟು ವರ್ಷ ಅವನ ಜೊತೆ ಬಾಳಿದವಳು, ಆ ನಾಲಿಗೆ ಎಲ್ಲಿಯ ತನಕ ಹೋಗಬಲ್ಲದೆಂದು ಅವಳಿಗೆ ಗೊತ್ತಿತ್ತು. ನಗು ನಿಧಾನವಾಗಿ ಹೋಯಿತು. ಅವಳು ಮಗುವನ್ನು ಎತ್ತಿ ಒಂದು ಕಿವಿ ತನ್ನ ಎದೆಗೆ ಒತ್ತಿಕೊಂಡಳು, ಇನ್ನೊಂದು ಕಿವಿಯ ಮೇಲೆ ಅಂಗೈ ಮುಚ್ಚಿದಳು.

"ಈಗ ಹೇಳಿ" ಎಂದಳು. "ಏನು ಹೇಳಿದ್ರೋ ಅದನ್ನ ಪೂರ್ತಿ ಹೇಳಿ. ಇವಳಿಗೆ ಕೇಳ್ಸೋದು ಬೇಡ."

ಅವನು ಹೇಳಿದ. ಕನ್ನಡಿಯ ಎದುರು ಹೇಳಿದ್ದ ಮಾತನ್ನೇ ಹೇಳಿದ, ಆಮೇಲೆ ನಿದ್ದೆ ಮಾಡಿದ್ದನ್ನು ಹೇಳಿದ, ಆಪರೇಷನ್ ಕೋಣೆಯ ಹೊರಗೆ ತಲೆಗೆ ಬಂದ ಯೋಚನೆಯನ್ನೂ ಬಿಡದೆ ಹೇಳಿದ. ಧ್ವನಿ ತಗ್ಗಿಸಿ, ತಡವರಿಸಿ, ಕೊನೆಯ ತನಕ ಹೇಳಿ ಮುಗಿಸಿದ.

ಅವನು ಮುಗಿಸಿದ ಮೇಲೂ ಅವಳು ಮಗುವಿನ ಕಿವಿಯಿಂದ ಕೈ ತೆಗೆಯಲಿಲ್ಲ.